ಲಿಬ್ರೆಆಫೀಸ್‌ನ ಪಿಡಿಎಫ್/ಎ: ಪುಟ ಉಳಿಯುತ್ತದೆ, ಕನ್ನಡ ಉಳಿಯುತ್ತದೆಯೇ?

ಕೈಗೆ ಸಿಕ್ಕ ಯಾವುದಾದರೂ ಕನ್ನಡ ಪಿಡಿಎಫ್ ತೆರೆದು, ಅದರಲ್ಲಿರುವ ‘ಅಕ್ಕಿ’ ಎಂಬ ಪದವನ್ನು ನಕಲು ಮಾಡಿ ಬೇರೆಡೆ ಅಂಟಿಸಿ ನೋಡಿ. ಅನೇಕ ಸಲ ಬರುವುದು ‘ಅಕಿ್ಕ’. ‘ಧರ್ಮ’ ಇದ್ದದ್ದು ‘ಧಮರ್’ ಆಗಿರುತ್ತದೆ, ‘ಸೂರ್ಯ’ ಹೋಗಿ ‘ಸೂಯರ್’ ಬಂದಿರುತ್ತಾನೆ. ಪರದೆಯ ಮೇಲೆ ಪುಟ ಮುತ್ತು ಪೋಣಿಸಿದ ಹಾಗಿದೆ, ಹಿಂದಿರುವ ಪಠ್ಯ ಮುರಿದು ಬಿದ್ದಿದೆ. ಹುಡುಕಿದರೆ ಪದ ಸಿಗುವುದಿಲ್ಲ. ದೃಷ್ಟಿ ಇಲ್ಲದವರು ಬಳಸುವ ಓದು ತಂತ್ರಾಂಶ ತಪ್ಪುತಪ್ಪಾಗಿ ಉಚ್ಚರಿಸುತ್ತದೆ. ಇಪ್ಪತ್ತು ವರ್ಷದ ಮೇಲೆ ಆ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಲು ಹೊರಟವರು ಮೊದಲ ಸಾಲಿನಿಂದ ಬೆರಳಚ್ಚು ಮಾಡಬೇಕಾಗುತ್ತದೆ.

ಸಣ್ಣ ಪ್ರಕಾಶಕರು, ಸಂಘಗಳು, ವಕೀಲರ ಕಚೇರಿಗಳು, ಊರಿನ ಗ್ರಂಥಾಲಯಗಳು ‘ಬಹುಕಾಲ ಇಡಬೇಕಾದ ಕಡತವನ್ನು ಯಾವ ರೂಪದಲ್ಲಿ ಇಡೋಣ’ ಎಂದು ಕೇಳಿದರೆ ಸಿಗುವ ಉತ್ತರ ಪಿಡಿಎಫ್/ಎ, ಎಂದರೆ ಬಹುಕಾಲದ ಸಂಗ್ರಹಕ್ಕೆಂದೇ ಮಾಡಿದ ಪಿಡಿಎಫ್ ರೂಪ. ಅದನ್ನು ಬಿಡಿಗಾಸೂ ಇಲ್ಲದೆ ಮಾಡಿಕೊಡುವ ಸಲಕರಣೆ ಉಚಿತ ಕಚೇರಿ ತಂತ್ರಾಂಶ ಲಿಬ್ರೆಆಫೀಸ್‌ನ ಬರವಣಿಗೆಯ ಭಾಗವಾದ ರೈಟರ್‌ನ ಒಳಗೇ ಇದೆ. ಈ ವಿಮರ್ಶೆ ಆ ಒಂದು ಸೌಲಭ್ಯದ ಬಗ್ಗೆ, ಅದೂ ಕನ್ನಡ ಪಠ್ಯದ ಮಟ್ಟಿಗೆ. ತೀರ್ಪನ್ನು ಮೊದಲೇ ಹೇಳುವುದಾದರೆ: ಯೂನಿಕೋಡ್‌ನಲ್ಲಿ (ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಜಾಗತಿಕ ವ್ಯವಸ್ಥೆ) ಬೆರಳಚ್ಚಾದ ಕಡತಕ್ಕೆ ಇದು ಒಳ್ಳೆಯ ಸಲಕರಣೆ, ಧೈರ್ಯವಾಗಿ ಬಳಸಬಹುದು. ಹಳೆಯ ನುಡಿ, ಬರಹ, ಶ್ರೀಲಿಪಿ ಅಕ್ಷರಶೈಲಿಯ ಕಡತವನ್ನು ನೇರವಾಗಿ ಇದಕ್ಕೆ ಕೊಟ್ಟರೆ ಮಾನಕದ ಮುದ್ರೆ ಬೀಳುತ್ತದೆ, ಕನ್ನಡ ಉಳಿಯುವುದಿಲ್ಲ. ಎರಡೂ ಸಂದರ್ಭದಲ್ಲಿ ಪಿಡಿಎಫ್/ಎ ಒಂದನ್ನೇ ನಂಬಿ ಮೂಲ ಕಡತವನ್ನು ಅಳಿಸಬಾರದು.

ಮಾನಕ ಕೊಡುವ ಭರವಸೆ ಏನು

ಅಡೋಬಿ 1993ರಲ್ಲಿ ಹೊರತಂದ ಪಿಡಿಎಫ್ 2008ರಲ್ಲಿ ಐಎಸ್‌ಒ 32000-1 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಸಂಗ್ರಹಕ್ಕೆಂದೇ ಬಿಗಿ ಮಾಡಿದ ರೂಪ ಅದಕ್ಕೂ ಮೊದಲೇ, 2005ರಲ್ಲಿ, ಐಎಸ್‌ಒ 19005-1 ಎಂಬ ಹೆಸರಿನಲ್ಲಿ ಬಂದಿತ್ತು. ಅದು ಪಿಡಿಎಫ್/ಎ-1. ಎರಡನೆಯ ಭಾಗ 2011ರಲ್ಲಿ, ಮೂರನೆಯದು 2012ರಲ್ಲಿ, ನಾಲ್ಕನೆಯದು 2020ರಲ್ಲಿ ಬಂತು. ಹೊಸ ಭಾಗ ಬಂದ ಮಾತ್ರಕ್ಕೆ ಹಳೆಯದು ರದ್ದಾಗುವುದಿಲ್ಲ. 2006ರಲ್ಲಿ ಮಾಡಿಟ್ಟ ಪಿಡಿಎಫ್/ಎ-1 ಇಂದಿಗೂ ಮಾನ್ಯವೇ.

ಎಲ್ಲ ಭಾಗಗಳ ಹಿಂದಿರುವ ಯೋಚನೆ ಒಂದೇ: ಕಡತ ಸ್ವಾವಲಂಬಿಯಾಗಿರಬೇಕು, ತೆರೆಯಲು ಹೊರಗಿನ ಯಾವುದನ್ನೂ ನೆಚ್ಚಬಾರದು. ಹಾಗಾಗಿ ಬಳಸಿದ ಎಲ್ಲ ಫಾಂಟ್‌ಗಳೂ ಒಳಗೇ ಅಡಕವಾಗಿರಬೇಕು. ಪಾಸ್‌ವರ್ಡ್ ಹಾಕುವಂತಿಲ್ಲ, ಜಾವಾಸ್ಕ್ರಿಪ್ಟ್ ಇರುವಂತಿಲ್ಲ. ಬಣ್ಣವನ್ನು ಯಾವ ಅಳತೆಯಲ್ಲಿ ಓದಬೇಕೆಂಬ ಐಸಿಸಿ ವಿವರ ಇರಬೇಕು, ಕಡತದ ಗುರುತು ಎಕ್ಸ್‌ಎಂಪಿ ಮೆಟಾಡೇಟಾದಲ್ಲಿ ಇರಬೇಕು. ಒಂದನೆಯ ಭಾಗ ಪಾರದರ್ಶಕತೆಯನ್ನು ನಿಷೇಧಿಸುತ್ತದೆ. ಎರಡನೆಯದು ಅದನ್ನೂ ಜೆಪೆಗ್ 2000 ಚಿತ್ರಗಳನ್ನೂ ಪದರಗಳನ್ನೂ ಒಪ್ಪುತ್ತದೆ. ಮೂರನೆಯದರ ವಿಶೇಷ, ಯಾವ ಬಗೆಯ ಕಡತವನ್ನು ಬೇಕಾದರೂ ಲಗತ್ತಿಸಬಹುದು ಎಂಬುದು. ಆದರೆ ಒಳಗೆ ಲಗತ್ತಿಸಿದ ಕಡತ ಮುಂದೆ ತೆರೆಯುತ್ತದೆಯೇ ಎಂಬುದಕ್ಕೆ ಮಾನಕ ಹೊಣೆಯಲ್ಲ.

ಕನ್ನಡದವರು ನಿಂತು ಗಮನಿಸಬೇಕಾದ್ದು ಭಾಗದ ಅಂಕಿಯನ್ನಲ್ಲ, ಅದರ ಪಕ್ಕದ ಅಕ್ಷರವನ್ನು. ‘ಬಿ’ ಮಟ್ಟ ಎಂದರೆ ಪುಟ ಕಣ್ಣಿಗೆ ಹೇಗೆ ಕಾಣುತ್ತದೋ ಹಾಗೆಯೇ ಮುಂದೆಯೂ ಕಾಣುತ್ತದೆ ಎಂಬ ಭರವಸೆ, ಅಷ್ಟೇ. ‘ಯು’ ಮಟ್ಟ ಎಂದರೆ ಪ್ರತಿ ಆಕಾರಕ್ಕೂ ಒಂದು ಯೂನಿಕೋಡ್ ಬೆಲೆ ಇದೆ ಎಂಬ ಭರವಸೆ. ಇದು ಎರಡನೆಯ ಮತ್ತು ಮೂರನೆಯ ಭಾಗದಲ್ಲಿ ಮಾತ್ರ ಇದೆ. ‘ಎ’ ಮಟ್ಟ ಎಂದರೆ ಶೀರ್ಷಿಕೆ, ಪ್ಯಾರಾ, ಪಟ್ಟಿ, ಓದಿನ ಕ್ರಮ ಎಲ್ಲವೂ ಗುರುತಾಗಿವೆ ಎಂಬುದು. ಲಿಬ್ರೆಆಫೀಸ್‌ನ ರಫ್ತು ಕಿಟಕಿಯಲ್ಲಿ ಸಿಗುವ 1ಬಿ, 2ಬಿ, 3ಬಿ ಎಲ್ಲವೂ ‘ಬಿ’ ಮಟ್ಟದವು. ಎಂದರೆ ಇವುಗಳಲ್ಲಿ ತಂತ್ರಾಂಶ ಅಧಿಕೃತವಾಗಿ ಹೊಣೆ ಹೊರುವುದು ಪುಟದ ಚಹರೆಗೆ ಮಾತ್ರ.

ರಫ್ತು ಮಾಡುವ ಮುನ್ನ

ಬಹುಪಾಲು ತೊಂದರೆ ರಫ್ತಿನ ಗುಂಡಿ ಒತ್ತುವ ಮೊದಲೇ ಹುಟ್ಟಿರುತ್ತದೆ. ಟೂಲ್ಸ್ ಮೆನುವಿನ ಆಪ್ಷನ್ಸ್‌ಗೆ ಹೋಗಿ ಭಾಷೆಯ ವಿಭಾಗದಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂಬುದನ್ನು ಚಾಲೂ ಮಾಡಿ, ಅದರ ಭಾಷೆಯನ್ನು ಕನ್ನಡ ಎಂದು ಆರಿಸಬೇಕು. ರೈಟರ್ ಇಂಗ್ಲಿಷಿಗೊಂದು, ಕನ್ನಡಕ್ಕೊಂದು ಎಂದು ಎರಡು ಫಾಂಟ್‌ಗಳನ್ನು ಬೇರೆಬೇರೆಯಾಗಿ ನೆನಪಿಡುತ್ತದೆ. ಕನ್ನಡದ ಫಾಂಟ್ ಹೊಂದಿಸದೆ ಬಿಟ್ಟರೆ ತಂತ್ರಾಂಶ ತನಗೆ ಸಿಕ್ಕ ಬದಲಿ ಫಾಂಟನ್ನು ಎಳೆದು ತರುತ್ತದೆ. ಈ ಗಣಕದಲ್ಲಿ ತುಂಗಾ ಬಂದರೆ ಆ ಗಣಕದಲ್ಲಿ ಲೋಹಿತ್. ಪುಟಗಳ ಲೆಕ್ಕವೂ ಅದರೊಂದಿಗೆ ಹಿಂದೆಮುಂದೆ ಆಗುತ್ತದೆ. ಸ್ಟೈಲ್ಸ್‌ನಲ್ಲಿ ಡೀಫಾಲ್ಟ್ ಪ್ಯಾರಾಗ್ರಾಫ್ ಸ್ಟೈಲ್ ತೆರೆದು ಅಲ್ಲಿ ಕನ್ನಡ ಫಾಂಟನ್ನು ಒಮ್ಮೆ ನಿಗದಿ ಮಾಡಿದರೆ ಈ ಗೊಂದಲ ಮುಗಿಯುತ್ತದೆ.

ಫಾಂಟ್ ಯಾವುದಾಗಬೇಕು? ನೋಟೊ ಸೆರಿಫ್ ಕನ್ನಡ, ನೋಟೊ ಸಾನ್ಸ್ ಕನ್ನಡ, ಗುಬ್ಬಿ, ನವಿಲು ಮುಕ್ತ ಪರವಾನಗಿಯವು. ಕಡತದೊಳಗೆ ಅಡಕ ಮಾಡಲು ಅಡ್ಡಿ ಇಲ್ಲ, ಫಾಂಟ್ ಕಡತವನ್ನೇ ಪಕ್ಕದಲ್ಲಿ ಇಟ್ಟುಕೊಳ್ಳಲೂ ಅಡ್ಡಿ ಇಲ್ಲ. ಹಳಗನ್ನಡ ಪಠ್ಯವಿದ್ದರೆ ೞ ಮತ್ತು ಱ ಎರಡಕ್ಕೂ ಆ ಫಾಂಟಿನಲ್ಲಿ ಆಕಾರ ಇದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಇಲ್ಲದಿದ್ದರೆ ಆ ಒಂದು ಅಕ್ಷರ ಮಾತ್ರ ಬೇರೆ ಫಾಂಟಿನಿಂದ ಬಂದು ಸಾಲಿನ ನಡುವೆ ಎದ್ದು ಕಾಣುತ್ತದೆ. ಅಂದಹಾಗೆ ೞ ಅಕ್ಷರಕ್ಕೆ ಯೂನಿಕೋಡ್ ಕೋಷ್ಟಕದಲ್ಲಿ ‘ಫ’ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಿದ್ದಾರೆ. ಅಕ್ಷರ ಹುಡುಕುವ ಕಿಟಕಿಯಲ್ಲಿ ಅದು ಕಾಣಲಿಲ್ಲ ಎನ್ನುವವರಿಗೆ ಕಾರಣ ಇದು.

ಈಗ ಫೈಲ್ ಮೆನು, ಎಕ್ಸ್‌ಪೋರ್ಟ್ ಆ್ಯಸ್, ಎಕ್ಸ್‌ಪೋರ್ಟ್ ಆ್ಯಸ್ ಪಿಡಿಎಫ್. ತೆರೆಯುವ ಕಿಟಕಿಯ ಜನರಲ್ ಪುಟದಲ್ಲಿ ‘ಆರ್ಕೈವಲ್’ ಎಂಬ ಚೌಕಕ್ಕೆ ಗುರುತು ಹಾಕಿ, 2ಬಿ ಆರಿಸಿ. 1ಬಿ ಏಕೆ ಬೇಡ ಎಂದರೆ, ಪಾರದರ್ಶಕ ನೆರಳು, ಅರೆಪಾರದರ್ಶಕ ಮುದ್ರೆ ಅಥವಾ ಲಾಂಛನ ಇದ್ದಲ್ಲಿ ತಂತ್ರಾಂಶ ಅದನ್ನು ಗಟ್ಟಿ ಬಣ್ಣದಲ್ಲಿ ಬಳಿದು ‘ಪಾರದರ್ಶಕ ವಸ್ತುವನ್ನು ಅಪಾರದರ್ಶಕವಾಗಿ ಬರೆಯಲಾಗಿದೆ’ ಎಂಬ ಎಚ್ಚರಿಕೆ ಕೊಡುತ್ತದೆ. ತೆಳುವಾದ ಲಾಂಛನದ ಕೆಳಗಿದ್ದ ಸಾಲು ಪೂರ್ತಿ ಮುಚ್ಚಿಹೋಗಬಹುದು. 3ಬಿ ಬೇಕಾಗುವುದು ಲಗತ್ತು ಇಡುವವರಿಗೆ ಮಾತ್ರ. ಗುರುತು ಹಾಕಿದೊಡನೆ ಭದ್ರತೆಯ ಪುಟದಲ್ಲಿ ಪಾಸ್‌ವರ್ಡ್ ಆಯ್ಕೆಗಳು ಮಂಕಾಗುತ್ತವೆ. ಅದು ದೋಷವಲ್ಲ, ಮಾನಕದ ಬೇಡಿಕೆ.

ಅದೇ ಜನರಲ್ ಪುಟದಲ್ಲಿ ಚಿತ್ರಗಳ ವಿಭಾಗವೂ ಇದೆ. ಹಸ್ತಪ್ರತಿ, ತಾಡೋಲೆ, ಹಳೆಯ ಪತ್ರಿಕೆಗಳ ಸ್ಕ್ಯಾನ್ ಇಡುವವರು ಇಲ್ಲಿ ಕಣ್ಣಿಡಬೇಕು. ಮೊದಲೇ ಹೊಂದಿಸಿರುವ ಬೆಲೆಗಳು ಜೆಪೆಗ್ ಗುಣಮಟ್ಟ 90, ಗರಿಷ್ಠ 300 ಡಿಪಿಐ (ಇಂಚಿಗೆ ಇಷ್ಟು ಬಿಂದುಗಳು). ನೀವು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದ ತಾಡೋಲೆ ಇದರ ಕೈಗೆ ಸಿಕ್ಕರೆ ಸದ್ದಿಲ್ಲದೆ 300ಕ್ಕೆ ಇಳಿಯುತ್ತದೆ. ಉದ್ದಕ್ಕೆ ಅರ್ಧ, ಅಗಲಕ್ಕೆ ಅರ್ಧ, ಅಂದರೆ ನಾಲ್ಕರಲ್ಲಿ ಮೂರು ಪಾಲು ಬಿಂದುಗಳು ಹೋದವು. ‘ಲಾಸ್‌ಲೆಸ್’ ಆರಿಸಿ, ‘ರೆಡ್ಯೂಸ್ ಇಮೇಜ್ ರೆಸಲ್ಯೂಷನ್’ ಗುರುತು ತೆಗೆದುಬಿಡಿ. ಕಡತ ದಪ್ಪವಾಗುತ್ತದೆ. 300 ಡಿಪಿಐನ ಒಂದು ಎ4 ಪುಟವೆಂದರೆ 2480 ಅಡ್ಡ, 3508 ಉದ್ದ ಬಿಂದುಗಳು, ಬಣ್ಣದಲ್ಲಿ ಹಿಂಡದೆ ಇಟ್ಟರೆ ಸುಮಾರು 26 ಎಂಬಿ. ಹಾಗಾಗಿ ಅಕ್ಷರವೇ ಮುಖ್ಯವಾದ ಪತ್ರವ್ಯವಹಾರಕ್ಕೆ ಮೊದಲಿನ ಬೆಲೆಗಳೇ ಇರಲಿ, ಚಿತ್ರವೇ ಮುಖ್ಯವಾದದ್ದಕ್ಕೆ ಲಾಸ್‌ಲೆಸ್ ಇರಲಿ.

ಒತ್ತಕ್ಷರ ಎಲ್ಲಿ ಮುರಿಯುತ್ತದೆ

ಪಿಡಿಎಫ್ ಪುಟದೊಳಗೆ ಇರುವುದು ಅಕ್ಷರಗಳಲ್ಲ, ಫಾಂಟಿನ ಆಕಾರಗಳ ಸಂಖ್ಯೆಗಳು. ಇಂತಹ ಆಕಾರ ಇಂತಹ ಜಾಗದಲ್ಲಿ ಎಂದು ಬರೆದಿರುತ್ತದೆ. ಯಾವ ಆಕಾರ ಯಾವ ಯೂನಿಕೋಡ್ ಅಕ್ಷರ ಎಂದು ತಿಳಿಸಲು ಪಕ್ಕದಲ್ಲಿ ‘ಟುಯೂನಿಕೋಡ್’ ಎಂಬ ಕೋಷ್ಟಕ ಇರುತ್ತದೆ. ಇಂಗ್ಲಿಷಿಗೆ ಇದು ಸಾಕು. ಅಲ್ಲಿ ಬರೆಯುವ ಕ್ರಮವೂ ಕಾಣುವ ಕ್ರಮವೂ ಒಂದೇ.

ಕನ್ನಡದಲ್ಲಿ ಹಾಗಿಲ್ಲ. ‘ಕ್ಕಿ’ ಎಂಬುದನ್ನು ಕ, ವಿರಾಮ, ಕ, ಗುಡಿಸು ಎಂಬ ಕ್ರಮದಲ್ಲಿ ಬೆರಳಚ್ಚಿಸುತ್ತೇವೆ. ಆದರೆ ಗುಡಿಸು ಕೂರುವುದು ಮೇಲಿನ ಕ ಮೇಲೆ. ಫಾಂಟು ಮೊದಲು ‘ಕಿ’ ಎಂಬ ಒಂದು ಆಕಾರ, ಆಮೇಲೆ ಕೆಳಗಿನ ಕ-ಒತ್ತು ಎಂದು ಎರಡು ತುಂಡು ಇಡುತ್ತದೆ. ಕೋಷ್ಟಕವನ್ನು ಇದೇ ಕ್ರಮದಲ್ಲಿ ಓದಿದರೆ ‘ಕಿ’, ಆಮೇಲೆ ‘್ಕ’. ಆರಂಭದಲ್ಲಿ ಕಂಡ ‘ಅಕಿ್ಕ’ ಹುಟ್ಟುವುದು ಹೀಗೆ. ಅರ್ಕಾವತ್ತಿನ ಕತೆಯೂ ಇದೇ: ಉಚ್ಚಾರದಲ್ಲಿ ರಕಾರ ಮೊದಲು, ಬರಹದಲ್ಲಿ ಅದರ ಗುರುತು ಕೊನೆಗೆ, ಹಾಗಾಗಿ ಧರ್ಮ ಧಮರ್ ಆಗುತ್ತದೆ. ‘ಕೋ’ ಎಂಬುದು ಕೆ, ಕೊಂಬಿನ ಇಳಿ, ದೀರ್ಘದ ಗುರುತು ಎಂದು ಮೂರು ತುಂಡಾಗಿ ಹೊರಬರಬಹುದು. ಇದೊಂದು ಮಾತ್ರ ಸುಲಭವಾಗಿ ಸರಿಹೋಗುತ್ತದೆ. ಯೂನಿಕೋಡ್‌ನ ಎನ್‌ಎಫ್‌ಸಿ ಎಂಬ ಸಾಮಾನ್ಯೀಕರಣ ಮಾಡಿದರೆ ಮೂರೂ ಕೂಡಿ ಮತ್ತೆ ಒಂದೇ ‘ೋ’ ಆಗುತ್ತದೆ. ‘ಗೊತ್ತೇ’ ಪದದಲ್ಲಿರುವಂತೆ ಎತ್ವಕ್ಕೂ ದೀರ್ಘಕ್ಕೂ ನಡುವೆ ಒತ್ತಕ್ಷರ ಸಿಕ್ಕಿಕೊಂಡರೆ ಎನ್‌ಎಫ್‌ಸಿಯೂ ಕೈಚೆಲ್ಲುತ್ತದೆ.

ಲಿಬ್ರೆಆಫೀಸ್ ಮೆಚ್ಚುಗೆ ಗಳಿಸುವುದು ಇಲ್ಲೇ. 2017ರ ಫೆಬ್ರವರಿಯಲ್ಲಿ ಬಂದ 5.3 ಆವೃತ್ತಿಯಲ್ಲಿ ಅದು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ಹಾರ್ಫ್‌ಬಜ್ ಎಂಬ ಒಂದೇ ಅಕ್ಷರಜೋಡಣೆಯ ಎಂಜಿನ್‌ಗೆ ಬಂತು. ಅದಕ್ಕೂ ಮೊದಲು ಒಂದೇ ಕಡತ ಮೂರು ಕಡೆ ಮೂರು ರೀತಿ ಕಾಣುವ ಸಾಧ್ಯತೆ ಇತ್ತು. ಇಂದಿನ ಆವೃತ್ತಿಗಳು ಒಂದಕ್ಕಿಂತ ಹೆಚ್ಚು ತುಂಡುಗಳಿರುವ ಗುಣಿತಾಕ್ಷರ ಬಂದಾಗ ಕೋಷ್ಟಕವನ್ನಷ್ಟೇ ನೆಚ್ಚದೆ, ಆ ತುಂಡುಗಳ ಗುಂಪಿಗೆ ‘ಆಕ್ಚುಯಲ್‌ಟೆಕ್ಸ್ಟ್’ ಎಂಬ ಚೀಟಿ ಅಂಟಿಸುತ್ತವೆ. ಈ ಗುಂಪಿನ ನಿಜವಾದ ಪಠ್ಯ ‘ಕ್ಕಿ’ ಎಂದು ಅದರಲ್ಲಿ ಬರೆದಿರುತ್ತದೆ. ಆ ಚೀಟಿಯನ್ನು ಓದಬಲ್ಲ ತಂತ್ರಾಂಶಕ್ಕೆ ಅಕ್ಕಿ ಅಕ್ಕಿಯಾಗಿಯೇ ಸಿಗುತ್ತದೆ. ಉಚಿತ ತಂತ್ರಾಂಶವೊಂದು ಕನ್ನಡದಂತಹ ಲಿಪಿಗಳಿಗೆ ಇಷ್ಟು ಕಾಳಜಿಯಿಂದ ಕೆಲಸ ಮಾಡಿರುವುದು ದೊಡ್ಡ ಮಾತು.

ಚೀಟಿ ಇದ್ದರೆ ಸಾಲದು, ಓದುವವರೂ ಇರಬೇಕು. ಪಾಪ್ಲರ್ ಎಂಬ ಪಿಡಿಎಫ್ ಎಂಜಿನ್ ಆಧಾರಿತ ಓದುಗಗಳು ಇದನ್ನು ಗಮನಿಸುತ್ತವೆ. ಲಿನಕ್ಸ್‌ನ ಎವಿನ್ಸ್, ಓಕ್ಯುಲರ್ ಆ ಗುಂಪಿನವು. ಎಲ್ಲ ಮೊಬೈಲ್ ಓದುಗಗಳೂ ಎಲ್ಲ ಬ್ರೌಸರ್‌ಗಳೂ ಗಮನಿಸುತ್ತವೆ ಎನ್ನಲಾಗದು. ಆದ್ದರಿಂದ ಒಂದು ಓದುಗದಲ್ಲಿ ಪಠ್ಯ ಕೆಟ್ಟು ಬಂದರೆ ಕಡತವೇ ಕೆಟ್ಟಿದೆ ಎಂದುಕೊಳ್ಳುವ ಮೊದಲು ಪಾಪ್ಲರ್ ಜೊತೆ ಬರುವ ‘ಪಿಡಿಎಫ್‌ಟುಟೆಕ್ಸ್ಟ್’ ಸಲಕರಣೆಯಿಂದ ಪಠ್ಯ ಹೊರತೆಗೆದು ನೋಡಿ.

ಇನ್ನೊಂದು ಅಡ್ಡದಾರಿಯನ್ನು ಪೂರ್ತಿ ಬಿಡಬೇಕು. ರಫ್ತು ಮಾಡದೆ ಪ್ರಿಂಟ್ ಒತ್ತಿ, ಪ್ರಿಂಟರ್ ಪಟ್ಟಿಯಲ್ಲಿ ಪಿಡಿಎಫ್ ಆರಿಸುವ ಅಭ್ಯಾಸ ಕಚೇರಿಗಳಲ್ಲಿ ಬಹಳ ಇದೆ. ಆ ದಾರಿಯಲ್ಲಿ ಪ್ರಿಂಟರ್ ಚಾಲಕಕ್ಕೆ ತಲುಪುವುದು ಆಕಾರಗಳು ಮಾತ್ರ. ಮೂಲ ಅಕ್ಷರಕ್ರಮ, ಶೀರ್ಷಿಕೆಯ ಗುರುತು, ಭಾಷೆಯ ಗುರುತು ಯಾವುದೂ ದಾಟುವುದಿಲ್ಲ. ಹಾಗೆ ಮಾಡಿದ ಪಿಡಿಎಫನ್ನು ಆಮೇಲೆ ಪಿಡಿಎಫ್/ಎಗೆ ಪರಿವರ್ತಿಸಿದರೂ ಹೋದದ್ದು ಹಿಂದಿರುಗದು.

ಒಂಬತ್ತು ಪದಗಳ ಪರೀಕ್ಷೆ

ಹೊಸ ಫಾಂಟ್ ಆರಿಸಿದಾಗ, ತಂತ್ರಾಂಶದ ಆವೃತ್ತಿ ಬದಲಾದಾಗ ಒಂದು ಖಾಲಿ ಕಡತದಲ್ಲಿ ಈ ಸಾಲನ್ನು ಬೆರಳಚ್ಚಿಸಿ ರಫ್ತು ಮಾಡಿ, ಪಠ್ಯ ಹೊರತೆಗೆದು, ಮೂಲದೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ: ಅಕ್ಕಿ, ಧರ್ಮ, ಸ್ತ್ರೀ, ರಾಷ್ಟ್ರ, ಗೊತ್ತೇ, ಕೋಗಿಲೆ, ಕೃಷ್ಣ, ರಾಜ್‌ಕುಮಾರ್, ರ‍್ಯಾಂಕ್.

ಅಕ್ಕಿ ಒತ್ತು-ಗುಡಿಸಿನ ಕ್ರಮಕ್ಕೆ, ಧರ್ಮ ಅರ್ಕಾವತ್ತಿಗೆ. ಸ್ತ್ರೀ, ರಾಷ್ಟ್ರ ಎರಡೆರಡು ಒತ್ತುಗಳಿಗೆ. ಕೋಗಿಲೆ, ಗೊತ್ತೇ ಒಡೆಯುವ ಸ್ವರಚಿಹ್ನೆಗಳಿಗೆ. ಕೃಷ್ಣ ವಟ್ರಸುಳಿಗೆ. ಕೊನೆಯ ಎರಡು ಪದ ಬಹಳ ನಾಜೂಕು. ‘ರಾಜ್‌ಕುಮಾರ್’ನಲ್ಲಿ ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇದೆ, ಎರಡನ್ನೂ ಬೆಸೆಯಬೇಡ ಎಂದು ಹೇಳುವ ಶೂನ್ಯ ಅಗಲದ ಅಕ್ಷರ. ಅದು ಕಳೆದರೆ ಹೆಸರು ‘ರಾಜ್ಕುಮಾರ್’ ಎಂದು ಒತ್ತಕ್ಷರವಾಗಿ ಕೂಡಿಕೊಳ್ಳುತ್ತದೆ. ‘ರ‍್ಯಾಂಕ್’ನಲ್ಲಿ ಇರುವುದು ಬೆಸೆಯುವ ಶೂನ್ಯ ಅಗಲದ ಅಕ್ಷರ. ಕಳೆದರೆ ರಕಾರ ಅರ್ಕಾವತ್ತಾಗಿ ‘ರ್ಯಾಂಕ್’ ಎಂದು ಉಳಿಯುತ್ತದೆ. ಪುಟ ನೋಡಿ ಈ ನಷ್ಟ ಪತ್ತೆಯಾಗದು, ಹೊರತೆಗೆದ ಪಠ್ಯದಲ್ಲೇ ಕಾಣಬೇಕು.

ಪಿಡಿಎಫ್ ಓದುಗದ ಪ್ರಾಪರ್ಟೀಸ್‌ನಲ್ಲಿ ಫಾಂಟ್ ಪಟ್ಟಿಯನ್ನೂ ತೆರೆಯಿರಿ. ಪ್ರತಿ ಹೆಸರಿನ ಮುಂದೆ ‘ಎಂಬೆಡೆಡ್ ಸಬ್‌ಸೆಟ್’ ಎಂದಿರಬೇಕು. ನೀವು ಹಾಕದ ಫಾಂಟ್ ಒಂದು ಪಟ್ಟಿಯಲ್ಲಿ ಇಣುಕಿದರೆ, ಎಲ್ಲೋ ಒಂದು ಅಕ್ಷರ ಬದಲಿ ಫಾಂಟಿನಿಂದ ಬಂದಿದೆ ಎಂದರ್ಥ. ಸಬ್‌ಸೆಟ್ ಎಂದರೆ ಬಳಸಿದ ಆಕಾರಗಳು ಮಾತ್ರ ಒಳಗಿವೆ. ಮುಂದೆ ಆ ಪಿಡಿಎಫ್‌ನಲ್ಲೇ ಒಂದು ಪದ ತಿದ್ದುತ್ತೇವೆ ಎಂದು ಹೊರಟರೆ ಬೇಕಾದ ಅಕ್ಷರ ಇರುವುದಿಲ್ಲ.

ನುಡಿ ಕಡತಗಳ ಸಂಕಟ

ವಿಮರ್ಶೆಯ ಅತಿ ಕಹಿ ಭಾಗ ಇದು. ಕನ್ನಡ ಗಣಕ ಪರಿಷತ್ತಿನ ನುಡಿ, 1998ರಲ್ಲಿ ಬಂದ ಬರಹ, ಮುದ್ರಣಾಲಯಗಳ ಶ್ರೀಲಿಪಿ ಮತ್ತು ಆಕೃತಿ, ಇವುಗಳ ಹಳೆಯ ಕಡತಗಳು ನಾಡಿನ ಕಚೇರಿಗಳಲ್ಲಿ, ಪ್ರಕಾಶಕರ ಬೀರುಗಳಲ್ಲಿ ರಾಶಿ ಬಿದ್ದಿವೆ. ಇವು ಇಲ್ಲದಿದ್ದರೆ ಕನ್ನಡ ಗಣಕಕ್ಕೆ ಅಷ್ಟು ಬೇಗ ಬರುತ್ತಿರಲಿಲ್ಲ, ಆ ಋಣ ದೊಡ್ಡದು. ಆದರೆ ಆ ಕಡತಗಳಲ್ಲಿ ದಾಖಲಾಗಿರುವುದು ಕನ್ನಡವಲ್ಲ. ಗೀಟು-ಚುಕ್ಕೆ ಹೊತ್ತ ಲ್ಯಾಟಿನ್ ಅಕ್ಷರಗಳ ಸಾಲು ಒಳಗಿದೆ, ಅದಕ್ಕೆ ಕನ್ನಡದ ಆಕಾರ ತೊಡಿಸುವುದು ಆ ಫಾಂಟು. ಫಾಂಟ್ ತೆಗೆದರೆ ಉಳಿಯುವುದು ಓದಲಾಗದ ಗೊಂಚಲು.

ಇಂತಹ ಕಡತವನ್ನು ರೈಟರ್‌ನಲ್ಲಿ ತೆರೆದು 2ಬಿ ಎಂದು ರಫ್ತು ಮಾಡಿ. ಫಾಂಟ್ ಅಡಕವಾಗುತ್ತದೆ, ಪುಟ ಚೆನ್ನಾಗಿ ಕಾಣುತ್ತದೆ, ಪರೀಕ್ಷಕ ತಂತ್ರಾಂಶ ಹಸಿರು ನಿಶಾನೆ ತೋರಿಸುತ್ತದೆ. ‘ಯು’ ಮಟ್ಟದ ನಿಯಮದ ಪ್ರಕಾರ ನೋಡಿದರೂ ಅಷ್ಟೇ: ಪ್ರತಿ ಆಕಾರಕ್ಕೂ ಒಂದು ಯೂನಿಕೋಡ್ ಬೆಲೆ ಇದೆ, ಆ ಬೆಲೆ ಲ್ಯಾಟಿನ್ನಿನದು ಎಂಬುದು ಮಾನಕದ ಕಣ್ಣಿಗೆ ಬೀಳುವುದಿಲ್ಲ. ಹೊರಗೆ ತಳುಕು, ಒಳಗೆ ಹುಳುಕು ಎಂಬ ಗಾದೆ ಇದಕ್ಕೆ ಅಕ್ಷರಶಃ ಸಲ್ಲುತ್ತದೆ. ಮುದ್ರೆ ಬಿದ್ದಿದೆ ಎಂಬ ಧೈರ್ಯದಲ್ಲಿ ಮೂಲವನ್ನು ಅಳಿಸಿದರೆ ಆ ಪಠ್ಯವನ್ನು ಹಿಂದಿರುಗಿಸಲು ಮತ್ತಷ್ಟು ಕಷ್ಟ.

ಹಾಗಾಗಿ ಮೊದಲು ಯೂನಿಕೋಡ್‌ಗೆ ಪರಿವರ್ತನೆ, ಆಮೇಲೆ ಪಿಡಿಎಫ್/ಎ. ಭಾರತ ಸರ್ಕಾರ ಇ-ಆಡಳಿತಕ್ಕೆ ಯೂನಿಕೋಡನ್ನು ಮಾನಕವೆಂದು ಗೊತ್ತುಪಡಿಸಿದ್ದು 2009ರಲ್ಲಿ. ನುಡಿಯ ಹೊಸ ಆವೃತ್ತಿಗಳೂ ಯೂನಿಕೋಡ್‌ನಲ್ಲಿ ಬರೆಯುತ್ತವೆ, ಪರಿವರ್ತಕಗಳೂ ಹಲವು ಇವೆ. ಪರಿವರ್ತಿಸುವಾಗ ಕಾಡುವ ತೊಂದರೆಗಳು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಕನ್ನಡದ ನಡುವೆ ಬಂದ ಇಂಗ್ಲಿಷ್ ಪದವನ್ನು ಪರಿವರ್ತಕ ನುಡಿ ಎಂದೇ ತಿಳಿದು ಅರ್ಥವಿಲ್ಲದ ಕನ್ನಡವಾಗಿಸುತ್ತದೆ. ಅದಕ್ಕೆ ಪರಿಹಾರ, ಬರಿ ಪಠ್ಯವಾಗಿ ಅಂಟಿಸದೆ, ಫಾಂಟಿನ ಹೆಸರು ನೋಡಿ ನುಡಿ ಇರುವ ಭಾಗವನ್ನಷ್ಟೇ ಪರಿವರ್ತಿಸುವುದು. ರೈಟರ್‌ನ ‘ಫೈಂಡ್ ಆ್ಯಂಡ್ ರಿಪ್ಲೇಸ್’ ಕಿಟಕಿಯ ಫಾರ್ಮ್ಯಾಟ್ ಗುಂಡಿಯಿಂದ ಒಂದು ಫಾಂಟಿನ ಪಠ್ಯವನ್ನಷ್ಟೇ ಹುಡುಕಿ ಆರಿಸಬಹುದು. ಅರ್ಕಾವತ್ತು ಹಿಂದೆಮುಂದೆ ಆಗುವುದು, ಉದ್ಧರಣ ಚಿಹ್ನೆ ಬೇರೆಯದಾಗುವುದು, ಮೇಲೆ ಹೇಳಿದ ಕಾಣದ ಅಕ್ಷರಗಳು ಬಾರದೆ ಇರುವುದು ಉಳಿದವು. ಇಂಗ್ಲಿಷ್ ಮೂಲದ ಹೆಸರುಗಳನ್ನು ಒಮ್ಮೆ ಕಣ್ಣಿಟ್ಟು ತಿದ್ದಲೇಬೇಕು.

ಹಳೆಯ ಕಡತ ತೆರೆಯುವ ಮೊದಲು ಆಟೋಕರೆಕ್ಟ್ ಪೂರ್ತಿ ಬಂದ್ ಮಾಡಿ. ವಾಕ್ಯದ ಮೊದಲ ಅಕ್ಷರವನ್ನು ದೊಡ್ಡಕ್ಷರ ಮಾಡುವ ಅದರ ಅಭ್ಯಾಸ ಇಂಗ್ಲಿಷಿಗೆ ಹಿತ, ನುಡಿ ಪಠ್ಯಕ್ಕೆ ಅಪಾಯ. ಒಳಗಿನ ಲ್ಯಾಟಿನ್ ಅಕ್ಷರ ದೊಡ್ಡದಾದೊಡನೆ ಹೊರಗಿನ ಕನ್ನಡ ಅಕ್ಷರ ಬೇರೆಯೇ ಆಗುತ್ತದೆ.

ಕಾಗದದ ಸ್ಕ್ಯಾನ್ ಮಾತ್ರ ಇರುವವರಿಗೆ ದಾರಿ ಬೇರೆ. ಚಿತ್ರದಿಂದ ಅಕ್ಷರ ಗುರುತಿಸುವ ಟೆಸರಾಕ್ಟ್ ತಂತ್ರಾಂಶಕ್ಕೆ ಕನ್ನಡದ ಮಾದರಿ ಇದೆ. ಒಸಿಆರ್‌ಮೈಪಿಡಿಎಫ್ ಎಂಬ ಸಲಕರಣೆ ಅದನ್ನು ಬಳಸಿ ಚಿತ್ರದ ಹಿಂದೆ ಕಾಣದ ಪಠ್ಯದ ಪದರ ಇಟ್ಟು ಪಿಡಿಎಫ್/ಎ ಮಾಡಿಕೊಡುತ್ತದೆ. ಆ ಪದರಕ್ಕೆ ಆಕಾರದ ಹಂಗಿಲ್ಲವಾದ್ದರಿಂದ ಒತ್ತಕ್ಷರದ ಕ್ರಮ ಕೆಡುವುದಿಲ್ಲ. ಗುರುತಿಸುವಿಕೆಯ ತಪ್ಪುಗಳು ಮಾತ್ರ ಇರುತ್ತವೆ, ಅವನ್ನು ಕೈಯಿಂದಲೇ ತಿದ್ದಬೇಕು.

ವೆರಾಪಿಡಿಎಫ್‌ನಲ್ಲಿ ತಪಾಸಣೆ

ರಫ್ತಿನ ಕಿಟಕಿಯಲ್ಲಿ ಗುರುತು ಹಾಕಿದ ಮಾತ್ರಕ್ಕೆ ಕಡತ ಮಾನಕಕ್ಕೆ ಒಪ್ಪಿದೆ ಎಂದು ನಂಬಬೇಡಿ. ವೆರಾಪಿಡಿಎಫ್ ಉಚಿತ, ಮುಕ್ತ ಆಕರದ ಪರೀಕ್ಷಕ. ಓಪನ್ ಪ್ರಿಸರ್ವೇಷನ್ ಫೌಂಡೇಷನ್ ಮತ್ತು ಪಿಡಿಎಫ್ ಅಸೋಸಿಯೇಷನ್ ಸೇರಿ ಕಟ್ಟಿದ್ದು, ಜಾವಾ ಬೇಕಾಗುತ್ತದೆ. ಕಡತ ಆರಿಸಿ ಓಡಿಸಿದರೆ ಯಾವ ನಿಯಮ ಎಷ್ಟು ಕಡೆ ಮುರಿದಿದೆ ಎಂದು ಪಟ್ಟಿ ಕೊಡುತ್ತದೆ. 2ಬಿಯಲ್ಲಿ 6.2.11.4.1 ಎಂಬ ಕಲಂ ಕಂಡರೆ ಯಾವುದೋ ಫಾಂಟ್ ಅಡಕವಾಗಿಲ್ಲ ಎಂದು ತಿಳಿಯಿರಿ. ರೈಟರ್‌ನಿಂದ ನೇರ ಬಂದ ಸರಳ ಕಡತದಲ್ಲಿ ಇದು ಬರಬಾರದು. ಬೇರೆಡೆ ಮಾಡಿದ ಪಿಡಿಎಫ್ ಪುಟಗಳನ್ನು ಆಮೇಲೆ ಜೋಡಿಸಿದ್ದರೆ, ಇ-ಅಂಚೆಯಲ್ಲಿ ಕಳಿಸಲೆಂದು ಇನ್ನೊಂದು ತಂತ್ರಾಂಶದಲ್ಲಿ ಹಿಂಡಿದ್ದರೆ ಬರುತ್ತದೆ. ಪಿಡಿಎಫ್/ಎ ಆದ ಮೇಲೆ ಅದನ್ನು ಜೋಡಿಸಬೇಡಿ, ಹಿಂಡಬೇಡಿ, ಸಹಿಯ ಚಿತ್ರ ಅಂಟಿಸಬೇಡಿ. ಬದಲಾವಣೆ ಬೇಕಾದರೆ ರೈಟರ್‌ನ ಮೂಲ ಕಡತವಾದ ಒಡಿಟಿಯಲ್ಲಿ ಮಾಡಿ ಮತ್ತೆ ರಫ್ತು ಮಾಡಿ.

ಒಂದು ಉಪಯುಕ್ತ ಕಿವಿಮಾತು: ಕಡತ 2ಬಿ ಆಗಿದ್ದರೂ ವೆರಾಪಿಡಿಎಫ್‌ನಲ್ಲಿ 2ಯು ಪ್ರೊಫೈಲನ್ನು ಕೈಯಾರೆ ಆರಿಸಿ ಓಡಿಸಿ. ಮೆಟಾಡೇಟಾದಲ್ಲಿ ‘ಬಿ’ ಎಂದು ಬರೆದಿರುವುದರಿಂದ 6.6.4ರ ಕೆಳಗೆ ಒಂದು ದೂರು ಖಂಡಿತ ಬರುತ್ತದೆ. ಅದೊಂದೇ ಬಂದರೆ ಎಲ್ಲ ಆಕಾರಗಳಿಗೂ ಯೂನಿಕೋಡ್ ಬೆಲೆ ಇದೆ ಎಂದಾಯಿತು. ಬೆಲೆ ಇದೆಯೇ ಎಂಬುದನ್ನಷ್ಟೇ ಅದು ನೋಡುತ್ತದೆ, ಸರಿಯಾದ ಬೆಲೆಯೇ ಎಂಬುದನ್ನಲ್ಲ. ಒಂಬತ್ತು ಪದಗಳ ಪರೀಕ್ಷೆಯನ್ನು ಇದಕ್ಕಾಗಿಯೇ ಬಿಡಬಾರದು.

ಪಕ್ಕದಲ್ಲಿ ಏನಿರಬೇಕು

ಒಂದು ಪುಸ್ತಕಕ್ಕೆ ಮೂರು ಕಡತ ಇಡುವುದು ಒಳ್ಳೆಯದು: ಕಣ್ಣಿಗೆ ಪಿಡಿಎಫ್/ಎ, ತಿದ್ದಲು ಒಡಿಟಿ, ಕಟ್ಟಕಡೆಯ ಆಸರೆಯಾಗಿ ಯುಟಿಎಫ್-8ರ (ಯೂನಿಕೋಡನ್ನು ಕಡತದಲ್ಲಿ ಬರೆದಿಡುವ ಬಗೆ) ಬರಿ ಪಠ್ಯ. ಒಡಿಟಿ ಐಎಸ್‌ಒ 26300 ಎಂದು 2006ರಲ್ಲಿ ಮಾನಕವಾದದ್ದು. ಅದು ನಿಜಕ್ಕೂ ಒಂದು ಜಿಪ್ ಪೆಟ್ಟಿಗೆ. ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ ಬಿಚ್ಚಿದರೆ ಒಳಗಿನ ಕಂಟೆಂಟ್ ಎಂಬ ಎಕ್ಸ್‌ಎಂಎಲ್ ಕಡತದಲ್ಲಿ ನಿಮ್ಮ ಕನ್ನಡ ಕಣ್ಣಾರೆ ಕಾಣುತ್ತದೆ. ರೈಟರ್ ಎಂಬುದೇ ಇಲ್ಲದ ಕಾಲದಲ್ಲೂ ಅದನ್ನು ಓದಬಹುದು. ಫೈಲ್, ಪ್ರಾಪರ್ಟೀಸ್, ಫಾಂಟ್ ಪುಟದಲ್ಲಿ ಫಾಂಟನ್ನು ಕಡತದೊಳಗೆ ಅಡಕ ಮಾಡುವ ಆಯ್ಕೆಯೂ ಇದೆ, ಮುಕ್ತ ಫಾಂಟ್ ಬಳಸಿದ್ದರೆ ಹಾಕಿಬಿಡಿ.

ಬರಿ ಪಠ್ಯಕ್ಕೆ ಸೇವ್ ಆ್ಯಸ್‌ನಲ್ಲಿ ‘ಟೆಕ್ಸ್ಟ್ – ಚೂಸ್ ಎನ್‌ಕೋಡಿಂಗ್’ ಆರಿಸಿ ಯುಟಿಎಫ್-8 ಕೊಡಿ. ಕನ್ನಡದ ಒಂದೊಂದು ಯೂನಿಕೋಡ್ ಸಂಕೇತಕ್ಕೂ 3 ಬೈಟ್ ಹಿಡಿಯುತ್ತದೆ, ‘ಕ್ಷ’ ಎಂದರೆ 9 ಬೈಟ್. ಆದರೂ 300 ಪುಟದ ಕಾದಂಬರಿ ಒಂದೂವರೆ-ಎರಡು ಎಂಬಿ ಮೀರುವುದಿಲ್ಲ. ಜಾಗದ ನೆಪ ಹೇಳಿ ಇದನ್ನು ಕೈಬಿಡಲು ಕಾರಣವಿಲ್ಲ. ಮೂರೂ ಕಡತಗಳ ಎಸ್‌ಎಚ್‌ಎ-256 ಮೊತ್ತವನ್ನು (ಕಡತ ತುಸು ಬದಲಾದರೂ ಬದಲಾಗುವ ಗುರುತಿನ ಸಂಖ್ಯೆ) ಒಂದು ಸಣ್ಣ ಕಡತದಲ್ಲಿ ಬರೆದಿಟ್ಟರೆ, ಡಿಸ್ಕ್ ಬದಲಿಸುವಾಗ ನಕಲು ಸರಿಯಾಗಿ ಬಂದಿತೇ ಎಂದು ತಿಳಿಯುತ್ತದೆ.

ಕಡತಗಳಿಗೆ ಕನ್ನಡದಲ್ಲೇ ಹೆಸರಿಡುವವರು ಉದ್ದದ ಮೇಲೆ ಹಿಡಿತ ಇಟ್ಟುಕೊಳ್ಳಿ. ಡಿಸ್ಕಿನಲ್ಲಿ ಕಡತಗಳನ್ನು ಇಡುವ ವಿಂಡೋಸ್‌ನ ವ್ಯವಸ್ಥೆ ಎನ್‌ಟಿಎಫ್‌ಎಸ್ 255 ಸಂಕೇತಗಳ ಹೆಸರನ್ನು ಒಪ್ಪುತ್ತದೆ. ಲಿನಕ್ಸ್‌ನ ಎಕ್ಸ್‌ಟಿ4 ಒಪ್ಪುವುದು 255 ಬೈಟ್. ಕನ್ನಡಕ್ಕೆ ಮೂರರಿಂದ ಭಾಗಿಸಿ: 85 ಸಂಕೇತಗಳು. ‘ಸ್ತ್ರೀ’ ಒಂದೇ ಆರು ಸಂಕೇತ ನುಂಗುತ್ತದೆ. ಪುಸ್ತಕದ ಪೂರ್ಣ ಹೆಸರು, ಲೇಖಕರು, ವರ್ಷ, ಆವೃತ್ತಿ ಎಲ್ಲ ಸೇರಿಸಿ ವಿಂಡೋಸ್‌ನಲ್ಲಿ ಇಟ್ಟ ಹೆಸರು ಎಕ್ಸ್‌ಟಿ4 ಇರುವ ಡಿಸ್ಕಿಗೆ ನಕಲಾಗದೆ ನಿಂತುಬಿಡುತ್ತದೆ. ಇಡೀ ಸಂಗ್ರಹದ ನಕಲು ಅರ್ಧಕ್ಕೆ ಕಡಿದು ಹೋಗಲು ಇದೊಂದೇ ಸಾಕು. 60 ಸಂಕೇತಗಳೊಳಗೆ ಹೆಸರು ಮುಗಿಸಿ, ಉಳಿದ ವಿವರ ಪ್ರಾಪರ್ಟೀಸ್‌ನ ಶೀರ್ಷಿಕೆ, ವಿಷಯದ ಜಾಗದಲ್ಲಿ ತುಂಬಿ. ಪಿಡಿಎಫ್/ಎ ಮಾಡುವಾಗ ಅವು ತಾವಾಗಿಯೇ ಮೆಟಾಡೇಟಾಗೆ ಸೇರುತ್ತವೆ.

ಲಿಬ್ರೆಆಫೀಸ್‌ನ ಈ ಸೌಲಭ್ಯದ ಕೊರತೆಗಳಲ್ಲಿ ಮೊದಲನೆಯದು, 2ಯು ಆಯ್ಕೆ ಇಲ್ಲದಿರುವುದು. ಆಕ್ಚುಯಲ್‌ಟೆಕ್ಸ್ಟ್ ತನಕ ಬರೆಯುವ ತಂತ್ರಾಂಶ ಪಠ್ಯಕ್ಕೂ ಹೊಣೆ ಹೊತ್ತರೆ ಭಾರತೀಯ ಭಾಷೆಗಳಿಗೆ ದೊಡ್ಡ ಅನುಕೂಲ. ಚಿತ್ರಗಳನ್ನು 300 ಡಿಪಿಐಗೆ ಇಳಿಸುವ ಗುರುತು ಸಂಗ್ರಹದ ಆಯ್ಕೆ ಮಾಡಿದಾಗಲೂ ಹಾಗೆಯೇ ಉಳಿಯುವುದು ಎರಡನೆಯದು. ಇವನ್ನೂ, ನಿಮ್ಮ ಪರೀಕ್ಷೆಯಲ್ಲಿ ಸೋತ ಪದಗಳನ್ನೂ ಲಿಬ್ರೆಆಫೀಸ್ ನಡೆಸುವ ಡಾಕ್ಯುಮೆಂಟ್ ಫೌಂಡೇಷನ್‌ನ ದೂರು ದಾಖಲಿಸುವ ತಾಣ ಬಗ್‌ಜಿಲ್ಲಾದಲ್ಲಿ ಯಾರು ಬೇಕಾದರೂ ದಾಖಲಿಸಬಹುದು. ದೂರಿನೊಂದಿಗೆ ಆ ಒಂದೇ ಪದವಿರುವ ಒಡಿಟಿ, ಅದರಿಂದ ಬಂದ ಪಿಡಿಎಫ್, ಫಾಂಟಿನ ಹೆಸರು ಮತ್ತು ಆವೃತ್ತಿ, ಹೊರತೆಗೆದಾಗ ಸಿಕ್ಕ ಪಠ್ಯ, ಸಿಗಬೇಕಿದ್ದ ಪಠ್ಯ, ಯಾವ ಸಲಕರಣೆಯಿಂದ ತೆಗೆದಿರಿ ಎಂಬುದನ್ನು ಲಗತ್ತಿಸಿ. ತಿದ್ದುವವರಿಗೆ ಕನ್ನಡ ಓದಲು ಬಾರದೆ ಇರಬಹುದು. ಎರಡೂ ಪಠ್ಯಗಳ ಯೂನಿಕೋಡ್ ಸಂಕೇತಗಳನ್ನು ಸಾಲಾಗಿ ಬರೆದು ಕೊಟ್ಟರೆ ಎಲ್ಲಿ ಕ್ರಮ ತಪ್ಪಿತು ಎಂಬುದು ಅವರಿಗೂ ಕಾಣುತ್ತದೆ.